ಹತ್ತು ಗಂಟೆಗೆ ತಾನಾಗಿ ಹೊಸದಾದ ಪುಟ

"ಆ ಬಟನ್ ಏನು ನಿಮ್ಮ ನಾದಿನಿನಾ? ಹಾಗೆ ಗುದ್ದುತಾ ಇದ್ದೀರಲ್ಲ!"

ಬೆನ್ನ ಹಿಂದಿನಿಂದ ಬಂದ ಮಾತಿಗೆ ಅವಳ ಬೆರಳು ಗಾಳಿಯಲ್ಲೇ ನಿಂತಿತು.

ತಿರುಗಿ ನೋಡಿದಳು. ಬಾಚಣಿಗೆಗೆ ಬಗ್ಗದ ಕೂದಲು, ಕಿವಿಯ ಮೇಲೊಂದು ಪೆನ್ನು, ಕೈಯಲ್ಲಿ ಇನ್ನೂ ಬಿಸಿ ಆರದ ಜೆರಾಕ್ಸ್ ಹಾಳೆಗಳು. ಬೀದಿಯವರೆಲ್ಲ 'ಫಾರ್ಮಣ್ಣ' ಎಂದು ಕರೆಯುವ ಕಂಪ್ಯೂಟರ್ ಅಂಗಡಿಯವನು ಇವನೇ ಇರಬೇಕು.

'ಮನೇಲಿ ಗುದ್ದಿಸಿಕೊಳ್ಳೋ ನಾದಿನಿ ನಾನೇ... ಇವನಿಗೇನು ಗೊತ್ತು!'

ಮನಸ್ಸಿನಲ್ಲಿ ಅಂದುಕೊಂಡಳೇ ಹೊರತು ಬಾಯಿಗೆ ಏನೂ ಬರಲಿಲ್ಲ. ಅಣ್ಣನ ಮನೆಯಲ್ಲಿ ಅತ್ತಿಗೆ ಅವಳಿಗೆ ಇಟ್ಟ ಹೆಸರೇ 'ಮೂಗಿ'. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಈಗ ಆಸ್ಪತ್ರೆಯ ಹಿಂದಿನ ಲಾಂಡ್ರಿಯಲ್ಲಿ ಹಾಸಿಗೆ ಹೊದಿಕೆಗಳನ್ನು ಮಡಚುವ ಕೆಲಸ. ಅಲ್ಲಿ ಮಾತಿಗೆ ಜಾಗವೇ ಇರಲಿಲ್ಲ. ಯಂತ್ರಗಳೇ ಎಲ್ಲರ ಪಾಲಿನ ಮಾತನ್ನೂ ಆಡಿಬಿಡುತ್ತಿದ್ದವು.

"ಪುಟ... ಹೊಸದಾಗ್ತಾ ಇಲ್ಲ," ಎಂದಳು ಕೊನೆಗೂ.

ಅವನು ಬಗ್ಗಿ ಪರದೆಯನ್ನು ಓದಿದ. ಮಹಿಳೆಯರಿಗೆ ಬಸ್ ಚಾಲನಾ ತರಬೇತಿ. ಹನ್ನೆರಡು ಸ್ಥಾನಗಳು. ಮೊದಲು ಬಂದವರಿಗೆ ಆದ್ಯತೆ. ಓದಿ ಮುಗಿಸಿ, ಸೋಪಿನ ನೀರಿಗೆ ಸುಕ್ಕುಗಟ್ಟಿದ ಅವಳ ಬೆರಳುಗಳನ್ನು ನೋಡಿದ.

"ಬಸ್ಸಾ? ನೀವಾ?"

ಚುರ್ರೆಂದಿತು ಅವಳಿಗೆ! ಎದ್ದು ನಿಂತಳು.

"ಯಾಕೆ? ಸ್ಟೇರಿಂಗನ್ನ ಮಾತಾಡಿಸ್ಕೊಂಡು ತಿರುಗಿಸ್ಬೇಕಾ?"

ಅಪರಿಚಿತರೊಬ್ಬರ ಎದುರು ಅವಳು ಅಷ್ಟುದ್ದ ಮಾತಾಡಿದ್ದು ಯಾವ ಕಾಲದಲ್ಲೋ. ಅವನು ಒಂದು ಕ್ಷಣ ಪೆಚ್ಚಾದ. ಆಮೇಲೆ ನಕ್ಕು, ಕುರ್ಚಿಯನ್ನು ಅವಳತ್ತ ಎಳೆದ.

"ಕೂತ್ಕೊಳ್ಳಿ. ನನ್ನ ನಾಲಿಗೆಗೆ ಬ್ರೇಕಿಲ್ಲ, ತಪ್ಪಾಯ್ತು."

ಮೂಲೆಯಲ್ಲಿ ಜೆರಾಕ್ಸ್ ಯಂತ್ರದ ಹತ್ತಿರ ನಿಂತಿದ್ದ ಅವನ ಅಕ್ಕ ತಲೆ ಎತ್ತದೆಯೇ ಅಂದರು, "ಬ್ರೇಕಿಲ್ಲದವನ ಹತ್ರ ಡ್ರೈವರಮ್ಮ ಬಂದಿದ್ದು ಒಳ್ಳೇದೇ ಆಯ್ತು ಬಿಡು."

ಅವಳ ಕಿವಿ ಬಿಸಿಯಾಯಿತು.

*

ಅರ್ಜಿ ತೆರೆಯುವುದು ಹನ್ನೆರಡು ದಿನ ಬಿಟ್ಟು, ಬೆಳಿಗ್ಗೆ ಹತ್ತು ಗಂಟೆಗೆ. ಶಾಲೆ ಮುಗಿಸಿರಬೇಕೆಂಬ ಷರತ್ತಿಲ್ಲ. ಆದರೆ ವಯಸ್ಸು ಇಪ್ಪತ್ತೆಂಟು ದಾಟಿರಬಾರದು. ಮುಂದಿನ ವರ್ಷಕ್ಕೆ ಅವಳು ದಾಟಿಬಿಡುತ್ತಾಳೆ. ಎಂದರೆ, ಇದೊಂದೇ ಸಲ.

ಲಾಂಡ್ರಿಯ ವ್ಯಾನ್ ಓಡಿಸುವ ತಾತ ಅವಳಿಗೆ ಅಂಗಳದಲ್ಲೇ ಗೇರು ಹಾಕುವುದನ್ನು ಕಲಿಸಿದ್ದರು. ರಾಶಿ ಬಿದ್ದ ಹೊದಿಕೆಯ ಮೂಟೆಗಳ ನಡುವೆ ಅವಳು ವ್ಯಾನನ್ನು ಹಿಂದಕ್ಕೆ ತೆಗೆದರೆ ಒಂದು ಮೂಟೆಯೂ ಅಲುಗುತ್ತಿರಲಿಲ್ಲ. "ಮಗಾ, ನಿನಗೆ ಬೆನ್ನಲ್ಲೂ ಕಣ್ಣಿದೆ," ಅನ್ನುತ್ತಿದ್ದರು ತಾತ.

ಸ್ಟೇರಿಂಗ್ ಹಿಡಿದಾಗ ಅವಳು ಮೂಗಿಯಾಗಿರುತ್ತಿರಲಿಲ್ಲ. ಅಷ್ಟು ದೊಡ್ಡ ಬಸ್ಸು, ನಲವತ್ತು ಜನ, ಎಲ್ಲರೂ ಅವಳು ತಿರುಗಿಸಿದ ಕಡೆಗೇ ತಿರುಗಬೇಕು... ಈ ಆಸೆಯನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇವನಿಗೆ ಹೇಳಿದಳು.

ಮಧ್ಯಾಹ್ನದ ಬಿಡುವಿನಲ್ಲಿ ಅಂಗಡಿಗೆ ಬಂದು ಒಂದೇ ಬೆರಳಲ್ಲಿ ತನ್ನ ಹೆಸರು, ಅಪ್ಪನ ಹೆಸರು, ವಿಳಾಸ ಒತ್ತುವುದನ್ನು ಅಭ್ಯಾಸ ಮಾಡುತ್ತಿದ್ದಳು. "ನಾನೇ ಟೈಪ್ ಮಾಡ್ತೀನಿ, ಕೊಡಿ," ಎಂದು ಅವನು ಅಂದರೂ ಬಿಡಳು.

"ನನ್ನ ಅರ್ಜಿ ನಾನೇ ತುಂಬ್ತೀನಿ ಫಾರ್ಮಣ್ಣ."

"ಇಡೀ ಬೀದಿಗೆ ನಾನು ಅಣ್ಣ. ನೀವೊಬ್ರಾದ್ರೂ ಬಿಡಬಾರದಾ ಆ 'ಅಣ್ಣ'ನ್ನ?"

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಆದರೆ ಅವತ್ತಿನಿಂದ ಅವನನ್ನು ಹಾಗೆ ಕರೆಯಲೂ ಇಲ್ಲ.

ಅರ್ಜಿ ತೆರೆಯುವ ಹಿಂದಿನ ದಿನ ಸಂಜೆ ಅವನು ಅವಳಿಗೊಂದು ಹೊಸ ವಿಷಯ ತೋರಿಸಿದ. ಅರ್ಜಿಯ ಪುಟದ ಪಕ್ಕದಲ್ಲಿ ಇನ್ನೊಂದು ಪುಟ್ಟ ಚೌಕ. ಅದರಲ್ಲಿ ಅಂಕಿಗಳು ಒಂದೊಂದೇ ಇಳಿಯುತ್ತಿದ್ದವು.

"ಇದು ಏನ್ ಮಾಡುತ್ತೆ ಗೊತ್ತಾ? ಈಗ ಎಷ್ಟು ಗಂಟೆ ಅಂತ ನೋಡುತ್ತೆ. ನಾಳೆ ಹತ್ತಕ್ಕೆ ಇನ್ನೆಷ್ಟು ಹೊತ್ತಿದೆ ಅಂತ ಲೆಕ್ಕ ಹಾಕುತ್ತೆ. ಅಷ್ಟೂ ಹೊತ್ತು ಸುಮ್ನೆ ಕಾಯುತ್ತೆ. ಸರಿಯಾಗಿ ಹತ್ತಕ್ಕೆ ಪುಟ ತಾನಾಗೇ ರಿಫ್ರೆಶ್ ಆಗುತ್ತೆ. ನಾವು ಗುದ್ದೋದೇ ಬೇಡ. ಸುಮ್ಸುಮ್ನೆ ಗುದ್ದಿದ್ರೆ ಆ ಸೈಟು ನಮ್ಮನ್ನ ಆಚೆ ತಳ್ಳುತ್ತೆ."

"ನೀವೇ ಬರೆದಿದ್ದಾ ಇದನ್ನ?"

"ಹೂಂ. ನಿಮಗೋಸ್ಕರ. ಒಂದೇ ಮಾತು ನೆನಪಿಟ್ಕೊಳ್ಳಿ, ಹತ್ತಾಗೋವರೆಗೂ ಏನೂ ಮುಟ್ಬೇಡಿ."

ಅವಳು ತಲೆಯಾಡಿಸಿದಳು. ತರಬೇತಿ ಎಂಟು ತಿಂಗಳು, ಬೇರೆ ಊರಲ್ಲಿ, ಅಲ್ಲೇ ಇರಬೇಕು. ಅದು ನೆನಪಾಯಿತೇನೋ ಅವನಿಗೆ. ಕಿವಿಯ ಮೇಲಿನ ಪೆನ್ನು ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡ.

"ನೀವು ಹೋದ್ರೆ ಈ ಅಂಗಡಿ ಬಿಕೋ ಅನ್ನುತ್ತೆ. ಸೀಟು ಸಿಗದೇ ಇದ್ರೂ ಚೆನ್ನಾಗೇ ಇರುತ್ತೆ ಅಂತ... ಒಂದೊಂದ್ಸಲ ಅನ್ಸುತ್ತೆ ನೋಡಿ."

ಅಂದು ನಕ್ಕುಬಿಟ್ಟ. ಅವಳೂ ನಕ್ಕಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡ ಸಿಹಿಯಂತೆ ಅವಳ ಜೊತೆಗೇ ಬಂತು.

*

ಮರುದಿನ ಒಂಬತ್ತೂವರೆಗೇ ಅಂಗಡಿ ತುಂಬಿತ್ತು. ಬೆಂಚಿನ ಮೇಲೆ ಇನ್ನೂ ನಾಲ್ಕು ಹುಡುಗಿಯರು ಮೊಬೈಲು ಹಿಡಿದು ಕೂತಿದ್ದರು. ಅವಳ ಪರದೆಯಲ್ಲಿ ಅಂಕಿಗಳು ಇಳಿಯುತ್ತಿದ್ದವು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡು, ಅವನು ಒಳಗೆ ಮಂಡಿಯೂರಿ ಕೂತು ಅದನ್ನು ಎಳೆಯುತ್ತಿದ್ದ.

ಹತ್ತಕ್ಕೆ ಇನ್ನೂ ಎರಡು ನಿಮಿಷ.

"ತೆರೀತು! ತೆರೀತು ಕಣ್ರೇ!" ಬೆಂಚಿನಿಂದ ಒಬ್ಬಳು ಕೂಗಿದಳು.

ಅವಳು ಪರದೆಯತ್ತ ಬಗ್ಗಿದಳು. ತನ್ನ ಪುಟದಲ್ಲಿ ಏನೂ ಇಲ್ಲ! ಅಂಕಿಗಳು ಮಾತ್ರ ಮೈಮುರಿಯುತ್ತಾ ಇಳಿಯುತ್ತಿವೆ. ಅವನತ್ತ ನೋಡಿದಳು. ಕಂಡದ್ದು ಬೆನ್ನು ಮಾತ್ರ. ಕರೆಯಬೇಕು... ಆದರೆ ಏನೆಂದು ಕರೆಯುವುದು? ಅಣ್ಣ ಅನ್ನುವುದನ್ನು ಬಿಟ್ಟ ಮೇಲೆ ಅವನನ್ನು ಕರೆಯಲು ಅವಳ ಹತ್ತಿರ ಯಾವ ಪದವೂ ಇರಲಿಲ್ಲ.

ಬೆರಳು ತಾನೇ ಹೋಗಿ ಬಟನ್ ಒತ್ತಿತು.

ಅರ್ಜಿ ತೆರೆಯಿತು! ಹೆಸರು ಒತ್ತಿದಳು. ಅಪ್ಪನ ಹೆಸರು. ಹುಟ್ಟಿದ ದಿನ. ವಿಳಾಸ... ಹನ್ನೆರಡು ದಿನ ಕಲಿತ ಬೆರಳು ಎಲ್ಲೂ ತಪ್ಪಲಿಲ್ಲ. ಕೊನೆಯ ಸಾಲು, ಮೊಬೈಲ್ ನಂಬರು. ಇನ್ನು ಮೂರೇ ಅಂಕಿ...

ಪರದೆ ಬೆಳ್ಳಗಾಯಿತು.

ಮತ್ತೆ ಅದೇ ಅರ್ಜಿ ಬಂತು. ಖಾಲಿ! ಒಂದಕ್ಷರವೂ ಇಲ್ಲ. ಗೋಡೆಯ ಗಡಿಯಾರದಲ್ಲಿ ಸರಿಯಾಗಿ ಹತ್ತು ಗಂಟೆ.

ಹೆಸರಿನ ಮೊದಲಕ್ಷರ ಒತ್ತುವಷ್ಟರಲ್ಲಿ ಕೆಂಪು ಸಾಲೊಂದು ಬಂದು ಕೂತಿತು. 'ಎಲ್ಲಾ ಸ್ಥಾನಗಳೂ ಭರ್ತಿಯಾಗಿವೆ.'

ಅವನು ಮಸಿ ಬಳಿದ ಕೈಯಲ್ಲಿ ಓಡಿ ಬಂದಾಗ ಅವಳು ಎದ್ದು ನಿಂತಿದ್ದಳು.

"ಏನಾಯ್ತು?"

"ನಿಮ್ಮ ಪುಟ... ಎಲ್ಲಾ ಅಳಿಸಿಹಾಕ್ತು. ತುಂಬಿದ್ದೆ ನಾನು. ಮೂರೇ ಅಂಕಿ ಬಾಕಿ ಇತ್ತು."

ಅವನು ಬಗ್ಗಿ ಏನೋ ತೆರೆದು ನೋಡಿದ. ನೋಡುತ್ತಲೇ ಮುಖ ಬಿಳಿಚಿಕೊಂಡಿತು. ಮೂಲೆಯಿಂದ ಅಕ್ಕ ಏನೋ ಹೇಳಲು ಬಾಯಿ ತೆರೆದರು. ಅವನು ಕೈ ಎತ್ತಿ ತಡೆದ. ಆ ಕೈ ಅವಳ ಕಣ್ಣಿಗೆ ಬಿತ್ತು. ಎಲ್ಲವನ್ನೂ ನೋಡುವ ಕಣ್ಣು ಅವಳದ್ದು!

'ಸೀಟು ಸಿಗದೇ ಇದ್ರೂ ಚೆನ್ನಾಗೇ ಇರುತ್ತೆ...' ಸೆರಗಿನ ಗಂಟಿನಲ್ಲಿದ್ದ ಸಿಹಿ ಚೇಳಾಗಿ ಕುಟುಕಿತು.

"ಬೇಕಂತ ಮಾಡಿದ್ರಾ?"

ಅವನು ತಲೆ ತಗ್ಗಿಸಿದ.

"ನನ್ನ ತಪ್ಪೇ," ಅಂದ. ಅಷ್ಟೇ.

"ಬಸ್ಸು ಅಂದ್ರೆ ನಿಮಗೆ ತಮಾಷೆ. ನನಗೆ ಇದ್ದಿದ್ದು ಅದೊಂದೇ."

ಹೊರಗೆ ಬಂದವಳು ತಿರುವಿನಲ್ಲಿ ನಿಂತು ಮೊಬೈಲಿನಲ್ಲಿ ಅವನ ನಂಬರನ್ನು ಬ್ಲಾಕ್ ಮಾಡಿದಳು. ಅಳು ಬರಲಿಲ್ಲ. ಬಂದಿದ್ದರೆ ಎಷ್ಟೋ ಒಳ್ಳೆಯದಿತ್ತು.

*

ಅತ್ತಿಗೆಗೆ ವಿಷಯ ಹೇಗೆ ಮುಟ್ಟಿತೋ! ಬೆಂಚಿನ ಮೇಲಿದ್ದ ಹುಡುಗಿಯರಿಗೆ ಬಾಯಿಲ್ಲವೇ? ಸಂಜೆಯೊಳಗೆ ನಲ್ಲಿಯ ಹತ್ತಿರ ಸಭೆ ಸೇರಿತ್ತು.

"ನಮ್ಮ ಮೂಗಿ ಅರ್ಜಿನ ಬೇಕಂತಲೇ ಅಳಿಸಿದ್ನಂತೆ ಆ ಫಾರ್ಮಣ್ಣ. ಮನಸ್ಸಿನಲ್ಲಿ ಏನಿತ್ತೋ!"

"ಅಯ್ಯೋ, ನನ್ನ ಮಗಳ ಪರೀಕ್ಷೆ ಅರ್ಜಿನೂ ಅವನೇ ಹಾಕಿದ್ದು ಕಣೇ!"

"ಹೌದೇನೇ? ನಿಜಾನಾ? ಹೇಳೇ ಮಗಳೇ, ನೀನೇ ಹೇಳು."

ಐದು ಜೋಡಿ ಕಣ್ಣು ಅವಳ ಮೇಲೆ. ಅವಳ ಬಿಂದಿಗೆ ತುಂಬಿ ನೀರು ಹೊರಚೆಲ್ಲುತ್ತಿತ್ತು. 'ಬೇಕಂತಲೇ ಅಂತ ನನಗೂ ಖಚಿತವಾಗಿ ಗೊತ್ತಿಲ್ಲ' ಎಂದರೆ ಸಾಕಿತ್ತು. ಒಂದು ಉಸಿರಿನ ಮಾತು.

ಅವಳು ತಲೆ ತಗ್ಗಿಸಿದಳು. ಬಿಂದಿಗೆ ಎತ್ತಿಕೊಂಡು ನಡೆದಳು.

ಮೌನ ಸಮ್ಮತಿ ಅನ್ನುತ್ತಾರಲ್ಲ... ಬೀದಿ ಅದನ್ನು ಸಮ್ಮತಿ ಎಂದೇ ತೆಗೆದುಕೊಂಡಿತು. ಜನ ಅರ್ಜಿಯ ಅಂಗಡಿಗೆ ಬರುವುದು ನಂಬಿಕೆಯ ಮೇಲೆ. ತಮ್ಮ ಹುಟ್ಟಿದ ದಿನ, ನಂಬರು, ಮಕ್ಕಳ ಭವಿಷ್ಯ ಎಲ್ಲವನ್ನೂ ಒಬ್ಬನ ಕೈಗೆ ಕೊಡುವುದು ಅದರ ಮೇಲೆಯೇ. ವಾರದೊಳಗೆ ಬೆಂಚು ಖಾಲಿಯಾಯಿತು. ಮೂರನೇ ವಾರ ಒಂದು ಕಂಪ್ಯೂಟರ್ ಮಾರಿದರಂತೆ. ಅವಳು ಸುತ್ತು ದಾರಿಯಲ್ಲಿ ಲಾಂಡ್ರಿಗೆ ಹೋಗತೊಡಗಿದಳು.

'ಆಗಲಿ. ನನ್ನದೂ ಹೋಗಲಿಲ್ಲವಾ?' ಎಂದು ಹೊದಿಕೆ ಮಡಚುತ್ತಾ ಹಲ್ಲು ಕಚ್ಚುತ್ತಿದ್ದಳು. ಆದರೂ ಮಧ್ಯಾಹ್ನದ ಬಿಡುವಾದರೆ ಕಾಲು ಆ ಅಂಗಡಿಯ ದಿಕ್ಕಿಗೇ ತಿರುಗುತ್ತಿತ್ತು. ಅದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು!

*

ಮೂವತ್ತೇಳನೆಯ ದಿನ. ಹತ್ತು ಗಂಟೆ ಆಗಿ ಐದು ನಿಮಿಷ.

"ಯಾರೋ ಹೆಂಗಸು ಗೇಟಲ್ಲಿ ಗಲಾಟೆ ಮಾಡ್ತಾ ಇದ್ದಾರೆ, ನಿನ್ನೇ ಕರೀಬೇಕಂತೆ. ಅದ್ಯಾವುದೋ ಜೆರಾಕ್ಸ್ ಅಂಗಡಿಯವರು," ಎಂದ ಕಾವಲುಗಾರ.

ಅವಳ ಕೈ ನಿಂತಿತು. "ಇಲ್ಲ ಅಂತ ಹೇಳಿ."

ಅವನು ಹೋದ. ಎರಡು ನಿಮಿಷಕ್ಕೆ ಮತ್ತೆ ಬಂದ. "ಹೋಗಮ್ಮ ತಾಯಿ, ಗೇಟು ಮುರಿದುಹಾಕ್ತಾರೆ!"

ಗೇಟಿನಾಚೆ ಅಕ್ಕ. ಓಡಿ ಬಂದು ಏದುಸಿರು. ಕಿವಿಗೆ ಮೊಬೈಲು ಒತ್ತಿಕೊಂಡೇ ಇದ್ದರು.

"ನಿನ್ನ ಮೊಬೈಲಿಗೆ ಒಟಿಪಿ ಬಂದಿದೆ. ಬೇಗ ಹೇಳು!"

"ಯಾಕೆ?"

"ಯಾಕಂತೆ ಯಾಕೆ! ಆಯ್ಕೆಯಾದವಳು ಒಬ್ಬಳು ಬರಲಿಲ್ಲ, ಸೀಟು ಬಿಟ್ಟಿದ್ದಾರೆ. ಅವನು ನಿನ್ನ ಹೆಸರು ತುಂಬಿ ಕೂತಿದ್ದಾನೆ. ಹತ್ತೇ ನಿಮಿಷ ಟೈಮು. ನಿನಗೆ ಫೋನ್ ಹೋಗ್ತಾನೇ ಇಲ್ಲ!"

"ನನ್ನ ಹೆಸರು ತುಂಬೋಕೆ ಅವರಿಗೆ ಯಾರು ಹೇಳಿದ್ರು?" ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಒಂದ್ಸಲ ಅಳಿಸಿದ್ದು ಸಾಲದಾ? ಈಗ ಇನ್ನೇನು ಬೇಕಂತೆ?"

"ಲೇ ಹುಡುಗಿ..."

"ಬೇಕಂತಲೇ ಮಾಡಿ, ತಪ್ಪು ಅಂತ ಒಪ್ಕೊಂಡವರು ಅವರು. ನಾನು ಮತ್ತೆ ನಂಬಲ್ಲ."

ಅಕ್ಕನ ಮುಖ ಕೆಂಪಾಯಿತು. ಗೇಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬಟನ್ ಒತ್ತಿದ್ದು ಯಾರೇ? ಹತ್ತಾಗೋವರೆಗೂ ಮುಟ್ಬೇಡ ಅಂದಿದ್ನಾ ಇಲ್ವಾ? ಆ ಸೈಟು ಎರಡು ನಿಮಿಷ ಮೊದಲೇ ತೆರೀತು. ನೀನು ಒತ್ತಿದೆ, ಅರ್ಜಿ ಬಂತು, ತುಂಬಿದೆ. ಆ ಚೌಕಕ್ಕೇನು ಗೊತ್ತು ನೀನು ತುಂಬ್ತಾ ಇದೀಯಾ ಅಂತ? ಹತ್ತಾಯ್ತು, ಅದಕ್ಕೆ ಹೇಳಿದ ಕೆಲಸ ಅದು ಮಾಡ್ತು! ನೀನು ಒತ್ತಿದ್ದನ್ನ ನಾನು ಕಣ್ಣಾರೆ ನೋಡಿದೆ. ಅವನು ಕಂಪ್ಯೂಟರಲ್ಲಿ ನೋಡ್ದ, ಒಂಬತ್ತು ಐವತ್ತೆಂಟು ಅಂತ ಅದರಲ್ಲೇ ಇತ್ತು."

ಅವಳೂ ಗೇಟಿನ ಸರಳನ್ನು ಹಿಡಿದುಕೊಂಡಳು.

"ಮತ್ತೆ... ಯಾಕೆ ಹೇಳಲಿಲ್ಲ?"

"ಹೇಳೋಕೆ ಹೋದೆ, ಅವನು ಬಿಡಲಿಲ್ಲ. 'ಸೀಟು ಹೋಗಿದ್ದೇ ಸಾಕು ಅಕ್ಕ, ತನ್ನ ಬೆರಳಿಂದಲೇ ಹೋಯ್ತು ಅಂತ ಗೊತ್ತಾದ್ರೆ ಜೀವಮಾನ ಪೂರ್ತಿ ಆ ಬೆರಳನ್ನೇ ನೋಡ್ಕೊಂಡು ಕೂರ್ತಾಳೆ' ಅಂದ. ಇವತ್ತಿಗೆ ಮೂವತ್ತೇಳು ದಿನ. ಯಾರಾದ್ರೂ ಬಿಟ್ಟ ಸೀಟು ಬಂದೀತು ಅಂತ ದಿನಾ ಹತ್ತಕ್ಕೆ ರಿಫ್ರೆಶ್ ಆಗೋ ಹಾಗೆ ಇಟ್ಟು, ಅದರ ಮುಂದೆ ಕೂತಿರ್ತಾನೆ. ಅಂಗಡಿಗೆ ಒಂದು ನರಪಿಳ್ಳೆ ಬರಲ್ಲ, ಇವನು ನಿನ್ನ ಸೀಟು ಕಾಯ್ತಾ ಕೂತಿದ್ದಾನೆ! ಹೇಳೇ ಆ ಒಟಿಪಿನ!"

ಅವಳು ಓಡಿದಳು. ಮೊಬೈಲು ಒಳಗಿನ ಕಪಾಟಿನಲ್ಲಿ. ಕೆಲಸದ ಹೊತ್ತಿನಲ್ಲಿ ಆಫ್ ಮಾಡಿಡಬೇಕೆಂಬುದು ಲಾಂಡ್ರಿಯ ನಿಯಮ. ಬೀಗದ ಕೈ ಎರಡು ಸಲ ಜಾರಿತು. ಮೊಬೈಲು ಹೊತ್ತಿಕೊಳ್ಳಲು ಒಂದು ಯುಗ ಹಿಡಿಯಿತು. ಬಂತು... ಆರು ಅಂಕಿ! ಗೇಟಿನತ್ತ ಓಡುತ್ತಲೇ ಕೂಗಿದಳು. ಅಕ್ಕ ಒಂದೊಂದನ್ನೇ ಫೋನಿನೊಳಗೆ ಕೂಗಿ ಹೇಳಿದರು.

ಆಮೇಲೆ ಇಬ್ಬರೂ ಸರಳಿನ ಎರಡೂ ಕಡೆಯಿಂದ ಫೋನಿನತ್ತ ಬಗ್ಗಿದರು.

ಫೋನಿನ ಆ ತುದಿಯಲ್ಲಿ ಕೀಲಿಗಳ ಸದ್ದು. ಕೊನೆಗೆ ಅವನ ದನಿ. ಅಕ್ಕನ ಕಿವಿಯಿಂದ ಅವಳಿಗೂ ಕೇಳಿಸಿತು.

"ಟೈಮ್ ಮುಗೀತು ಅಕ್ಕ. ಬೇರೆ ಯಾರಿಗೋ ಹೋಯ್ತು." ಮತ್ತೆ ಅಂದ, "ಅಲ್ಲಿದ್ದಾಳಲ್ಲ, ಅವಳಿಗೆ ಬೈಬೇಡ."

*

ಲಾಂಡ್ರಿ ಬಿಟ್ಟ ಮೇಲೆ ಅವಳು ನೇರವಾಗಿ ನಲ್ಲಿಯ ಹತ್ತಿರ ಹೋದಳು. ಅತ್ತಿಗೆ ಸೇರಿ ಆವತ್ತಿನ ಐದೂ ಜನ ಇದ್ದರು. ಎದುರಿನ ಸಾಲಿನಲ್ಲೇ ಅಂಗಡಿ. ಬಾಗಿಲು ಅರ್ಧ ತೆರೆದಿತ್ತು.

"ಒಂದು ಮಾತು ಹೇಳ್ಬೇಕು," ಅಂದಳು.

"ಅಯ್ಯಯ್ಯೋ, ಮೂಗಿ ಮಾತಾಡ್ತಾಳೆ ಕಣ್ರೇ, ಬಿಂದಿಗೆ ಕೆಳಗಿಡಿ!" ಎಂದಳು ಅತ್ತಿಗೆ.

"ಅವರು ನನ್ನ ಅರ್ಜಿ ಅಳಿಸಲಿಲ್ಲ. ಮುಟ್ಬೇಡಿ ಅಂದಿದ್ರು, ನಾನು ಮುಟ್ಟಿದೆ. ತಪ್ಪು ನಂದು. ನೀವೆಲ್ಲ ಕೇಳ್ದಾಗ ನಾನು ಬಾಯಿ ಬಿಡಲಿಲ್ಲ, ಅದು ಇನ್ನೂ ದೊಡ್ಡ ತಪ್ಪು."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ ಕಿಸಕ್ಕನೆ ನಕ್ಕರು.

"ಈಗ ಯಾಕೆ ಹೇಳ್ತಾ ಇದ್ದಾಳೆ ಅಂತ ನನಗೆ ಗೊತ್ತು ಬಿಡೇ. ರಾಜಿ ಆಗಿರ್ಬೇಕು ಇಬ್ರಿಗೂ!"

"ಬೆಂಕಿ ಇಲ್ದೆ ಹೊಗೆ ಬರುತ್ತಾ?"

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಸುಳ್ಳನ್ನು ಕೇಳಿಸಿಕೊಂಡ ಕಿವಿಗಳೇ ಇವು. ಆದರೆ ನಿಜಕ್ಕೆ ಅವುಗಳ ಬಾಗಿಲು ತೆರೆಯಲಿಲ್ಲ. ಆದರೂ ಅಲ್ಲಿಂದ ಓಡಲಿಲ್ಲ. ಇನ್ನೊಂದು ಸಲ, ಮೊದಲಿಗಿಂತ ಜೋರಾಗಿ, ಅದೇ ಮಾತನ್ನು ಹೇಳಿದಳು. ಆಮೇಲೆ ರಸ್ತೆ ದಾಟಿದಳು.

ಅಂಗಡಿಯೊಳಗೆ ಕಂಪ್ಯೂಟರ್ ಇದ್ದ ಕಡೆಯೆಲ್ಲ ಗೋಡೆಯ ಮೇಲೆ ಚೌಕಾಕಾರದ ಬಿಳಿ ಗುರುತು. ಅವನು ವೈರುಗಳನ್ನು ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದ. ತಲೆ ಎತ್ತಲಿಲ್ಲ.

"ಕೇಳಿಸ್ತು," ಅಂದ. "ಇಷ್ಟು ಜೋರಾಗಿ ಕೂಗೋಕೆ ಬರುತ್ತೆ ಅಂತ ಗೊತ್ತಿರಲಿಲ್ಲ."

"ಮುಚ್ಚಿಬಿಡ್ತೀರಾ?"

"ತಿಂಗಳ ಕೊನೆಗೆ. ಬಸ್‌ಸ್ಟ್ಯಾಂಡಿನ ಹತ್ರ ಒಬ್ಬರ ಅಂಗಡೀಲಿ ಕೂತ್ಕೊಳ್ತೀನಿ. ಅಲ್ಲಿ ನಾನು ಯಾರಿಗೂ ಅಣ್ಣ ಅಲ್ಲ."

ಅವಳ ಕಣ್ಣು ತುಂಬಿತು. "ನಾನು ನಿಮ್ಮ ಅಂಗಡಿ ಕಳೆದೆ."

"ಹೂಂ," ಅಂದ. ಇಲ್ಲ ಅನ್ನಲಿಲ್ಲ. "ನಲ್ಲಿ ಹತ್ರ ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು ನೀವು. ದಿನಾ ಬಾಗಿಲಲ್ಲಿ ನಿಂತು ಕಾದಿದ್ದೀನಿ, ಇವತ್ತಾದ್ರೂ ಹೇಳ್ತಾರೇನೋ ಅಂತ."

ಆ ಮಾತು ಚಾಕುವಿನಂತೆ ಇಳಿಯಿತು. ಅವಳು ಅದನ್ನು ತಪ್ಪಿಸಿಕೊಳ್ಳಲಿಲ್ಲ.

"ನೀವಾದ್ರೂ ನನಗೆ ನಿಜ ಹೇಳ್ಬಹುದಿತ್ತು. ನನ್ನ ತಪ್ಪು ಅಂತ ಯಾಕೆ ಒಪ್ಕೊಂಡ್ರಿ?"

ಅವನ ಕೈ ನಿಂತಿತು. ಮೊದಲ ಸಲ ಅವಳ ಮುಖ ನೋಡಿದ.

"ಸುಳ್ಳು ಹೇಳಲಿಲ್ಲ ನಾನು. ಅರ್ಜಿಯ ಹಿಂದಿನ ದಿನ ಸಂಜೆ ನಾನು ಅಂದಿದ್ದು ತಮಾಷೆಗಲ್ಲ. ನಿಮಗೆ ಸೀಟು ಸಿಗಬಾರದು ಅಂತ ನಿಜವಾಗ್ಲೂ ಅನ್ಸಿತ್ತು. ರಾತ್ರಿಯೆಲ್ಲ ಅನ್ಸಿತ್ತು. ಬೆಳಿಗ್ಗೆ ಆ ಕೆಂಪು ಸಾಲು ನೋಡ್ದಾಗ... ಕೈ ಮಾಡಿರಲಿಲ್ಲ, ಆದ್ರೆ ಮನಸ್ಸು ಮಾಡಿತ್ತು. 'ಬೇಕಂತ ಮಾಡಿದ್ರಾ' ಅಂತ ನೀವು ಕೇಳಿದ್ರಲ್ಲ, ಯಾವ ಬಾಯಲ್ಲಿ ಇಲ್ಲ ಅನ್ಲಿ?"

ಅವಳು ಅವನ ಮುಖವನ್ನೇ ನೋಡಿದಳು. ಇಷ್ಟು ದಿನ ಎಲ್ಲವನ್ನೂ ನೋಡುವ ತನ್ನ ಕಣ್ಣು ಇದೊಂದನ್ನು ನೋಡಲೇ ಇಲ್ಲವಲ್ಲ!

"ಅಷ್ಟು ಇಷ್ಟ ಇದ್ರೆ... ಮೂವತ್ತೇಳು ದಿನ ಯಾಕೆ ಕಾದ್ರಿ? ಸಿಕ್ಕಿದ್ರೆ ನಾನು ಹೊರಟುಹೋಗ್ತಿದ್ದೆ."

"ಅದಕ್ಕೇ ಕಾದಿದ್ದು. ನೀವು ಹೋಗಬೇಕು ಅಂತ ಮನಸ್ಸಿಗೆ ಅಭ್ಯಾಸ ಮಾಡಿಸ್ತಾ ಇದ್ದೆ. ದಿನಾ ಹತ್ತಕ್ಕೆ."

ಹೊರಗೆ ನಲ್ಲಿ ನಿಂತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಹೋಗುತ್ತಾ ಅಂಗಡಿಯೊಳಗೆ ಇಣುಕಿ ನೋಡಿದರು. ಅವಳು ಬಾಗಿಲ ಮರೆಗೆ ಸರಿಯಲಿಲ್ಲ. ಕೆಳಗೆ ಕೂತು, ಒಂದು ವೈರಿನ ತುದಿ ಹಿಡಿದು ಸುತ್ತತೊಡಗಿದಳು. ಬಸ್ಸು ಹೋಯಿತು. ಅದು ಇನ್ನು ಯಾವತ್ತೂ ಬರುವುದಿಲ್ಲ. ಆ ನೋವು ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಇವನ ಪಕ್ಕ ಕೂತರೂ ಅದು ಹಗುರಾಗಲಿಲ್ಲ. ಆದರೂ ಎದ್ದು ಹೋಗಬೇಕೆನಿಸಲಿಲ್ಲ.

"ನನಗೂ ನೀವು ಇಷ್ಟ," ಎಂದಳು, ವೈರನ್ನು ನೋಡುತ್ತಾ. "ಹೇಳೋಕೆ ಇದು ಸರಿಯಾದ ಹೊತ್ತಲ್ಲ. ಸರಿಯಾದ ಹೊತ್ತೆಲ್ಲ ಕಳೆದುಬಿಟ್ಟೆ."

ಅವನು ಸುತ್ತಿದ ವೈರೊಂದನ್ನು ಪೆಟ್ಟಿಗೆಗೆ ಹಾಕಿದ.

"ನಿಮ್ಮ ಮೇಲಿನ ಕೋಪ ಇನ್ನೂ ಹೋಗಿಲ್ಲ ನನಗೆ. ಹೋಯ್ತು ಅಂದ್ರೆ ಸುಳ್ಳಾಗುತ್ತೆ."

"ಹೋಗೋದು ಬೇಡ. ಇಟ್ಕೊಳ್ಳಿ. ಅದು ಇರೋವರೆಗೂ ನಾನೂ ಇರ್ತೀನಿ, ದಿನಾ ಬಂದು ಬೈಸ್ಕೊಂಡು ಹೋಗ್ತೀನಿ."

"ಕೋಪ ಹೋದ್ಮೇಲೆ?"

ಅವಳು ಕಣ್ಣೊರೆಸಿಕೊಂಡಳು.

"ಹೊಸದಾಗಿ ಏನಾದ್ರೂ ತಪ್ಪು ಮಾಡ್ತೀನಿ."

ಅವನು ಅವಳ ಕೈಯಲ್ಲಿದ್ದ ವೈರಿನ ಇನ್ನೊಂದು ತುದಿಯನ್ನು ಹಿಡಿದುಕೊಂಡ.

"ದೊಡ್ಡದೇ ಮಾಡಿ," ಎಂದ. "ಬೇಗ ಮುಗಿಯೋ ಕೋಪ ನನಗೆ ಬೇಡ."